ಕ್ವಾರ್ಟರ್‌ಬ್ಯಾಕ್ ದಾಖಲೆಗಳು: ವೈದ್ಯನ ದೃಷ್ಟಿಯಲ್ಲಿ ಒಂದು ವಿವೇಚನೆ



ಶರದೃತು ಕಾಲಿಟ್ಟಿತೆಂದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಹುತೇಕ ಮನೆಗಳಲ್ಲಿ ಭಾನುವಾರದ ಮಧ್ಯಾಹ್ನಗಳ ಸ್ವರೂಪವೇ ಬದಲಾಗುತ್ತದೆ. ಮಕ್ಕಳು ಟೆಲಿವಿಷನ್ನಿನ ಮುಂದಿನಿಂದ ಕದಲುವುದಿಲ್ಲ. ಯಾವ ಕ್ವಾರ್ಟರ್‌ಬ್ಯಾಕ್ ಎಷ್ಟು ಗಜ ಎಸೆದ, ಎಷ್ಟು ಟಚ್‌ಡೌನ್ ಗಳಿಸಿಕೊಟ್ಟ ಎಂಬ ಅಂಕಿಗಳು ಅವರಿಗೆ ಮಗ್ಗಿಯಂತೆ ಬಾಯಿಪಾಠ. ಹಿರಿಯರಾದ ನಾವೂ ಒಂದು ಕಾಲದಲ್ಲಿ ಕ್ರಿಕೆಟ್ಟಿನ ಸರಾಸರಿಗಳನ್ನು ಇದೇ ಶ್ರದ್ಧೆಯಿಂದ ಕಂಠಪಾಠ ಮಾಡಿದವರೇ. ಆದರೂ ಈ ಆಟವನ್ನು ಬರಿಯ ಗುದ್ದಾಟವೆಂದು ಬದಿಗೆ ಸರಿಸಿಬಿಡುತ್ತೇವೆ. ವೃತ್ತಿಪರ ಫುಟ್‌ಬಾಲಿನಲ್ಲಿ ಚೆಂಡೆಸೆತದ ದಾಖಲೆಗಳು ಹೇಗೆ ಬೆಳೆದವು, ಅವುಗಳನ್ನು ಹೇಗೆ ಓದಬೇಕು, ಅವುಗಳ ಹಿಂದೆ ಯಾರ ಯಾರ ದೇಹಗಳು ದುಡಿದಿವೆ ಎಂಬುದನ್ನು ವೈದ್ಯರ ದೃಷ್ಟಿಯಿಂದ ವಿವೇಚಿಸುವುದು ಈ ಉಪನ್ಯಾಸದ ಉದ್ದೇಶ.

ಪಾಸ್ ಹುಟ್ಟಿದ ಬಗೆ

ಆಟದ ತಿರುಳು ಸರಳವಾದದ್ದು. ಪ್ರತಿ ತಂಡಕ್ಕೆ ಹನ್ನೊಂದು ಮಂದಿ. ಚೆಂಡನ್ನು ಹೊಂದಿದ ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶಗಳು. ಹಾಗೆ ಮುನ್ನಡೆದರೆ ಮತ್ತೆ ನಾಲ್ಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಸೆಂಟರ್ ಎಂಬ ಆಟಗಾರ ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ನೀಡುವ ಚೆಂಡನ್ನು ಪಡೆದು, ಓಡುವವನ ಕೈಗಿಡಬೇಕೋ ಮುಂದಕ್ಕೆ ಎಸೆಯಬೇಕೋ ಎಂದು ಕೆಲವೇ ಕ್ಷಣಗಳಲ್ಲಿ ನಿರ್ಧರಿಸುವವನೇ ಕ್ವಾರ್ಟರ್‌ಬ್ಯಾಕ್. ಅವನು ಎಸೆದ ಚೆಂಡನ್ನು ಸಂಗಡಿಗ ಹಿಡಿದು ಎಷ್ಟು ಗಜ ಮುನ್ನಡೆಯುತ್ತಾನೋ ಅಷ್ಟೂ ಎಸೆದವನ ಖಾತೆಗೆ ಸೇರುತ್ತದೆ. ಚೆಂಡು ಗಾಳಿಯಲ್ಲಿ ಹಾರಿದ ದೂರ ಮಾತ್ರವಲ್ಲದೆ, ಹಿಡಿದವನು ಬಳಿಕ ಓಡಿದ ದೂರವೂ ಅದರಲ್ಲಿ ಅಡಕವಾಗಿದೆ ಎಂಬುದನ್ನು ಗಮನದಲ್ಲಿಡಬೇಕು.

ಮುಂದಕ್ಕೆ ಎಸೆಯುವ ಈ ಪಾಸ್ ಮೂಲತಃ ಆಟದಲ್ಲಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕಾಲೇಜು ಫುಟ್‌ಬಾಲಿನಲ್ಲಿ ಆಟಗಾರರು ಒಬ್ಬರಿಗೊಬ್ಬರು ತೋಳು ಹೆಣೆದು ಗುಂಪಾಗಿ ಎದುರಾಳಿಯ ಮೇಲೆ ನುಗ್ಗುತ್ತಿದ್ದರು. ತಲೆಗೆ ಸರಿಯಾದ ಕಾಪು ಇರಲಿಲ್ಲ. ಯುವಕರ ಸಾವುಗಳು ಹೆಚ್ಚುತ್ತಾ ಹೋಗಿ, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಿದರು. 1906ರಲ್ಲಿ ನಿಯಮಗಳು ಬದಲಾದವು; ಮುನ್ನೆಸೆತಕ್ಕೆ ಮನ್ನಣೆ ದೊರೆಯಿತು. ಆಟಗಾರರು ಮೈದಾನದುದ್ದಕ್ಕೂ ಚದುರಿದರೆ ಒಂದೇ ಕಡೆ ದೇಹಗಳು ಅಪ್ಪಳಿಸುವುದು ಕಡಿಮೆಯಾದೀತು ಎಂಬುದು ಅದರ ಹಿಂದಿದ್ದ ಆಶಯ. ವೈದ್ಯರ ಮಾತಿನಲ್ಲಿ ಹೇಳುವುದಾದರೆ, ಪಾಸ್ ಎಂಬುದು ಆಟಕ್ಕೆ ಕೊಟ್ಟ ಔಷಧಿ. ಇಂದು ನಮ್ಮ ಮಕ್ಕಳು ಕೊಂಡಾಡುವ ದಾಖಲೆಗಳೆಲ್ಲ ಆ ಚಿಕಿತ್ಸೆಯಿಂದ ಬೆಳೆದು ಬಂದವು.

ದಾಖಲೆಗಳ ಪರಂಪರೆ

1920ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಸ್ಥಾಪನೆಗೊಂಡ ವೃತ್ತಿಪರ ಒಕ್ಕೂಟವೇ ಮುಂದೆ ಎನ್.ಎಫ್.ಎಲ್. ಎಂದು ಹೆಸರಾಯಿತು. 1933ರಿಂದ ಆರಂಭರೇಖೆಯ ಹಿಂದೆ ಎಲ್ಲಿಂದಲಾದರೂ ಎಸೆಯಬಹುದೆಂಬ ನಿಯಮ ಬಂದಿತು. ಶಿಕಾಗೋ ಬೇರ್ಸ್ ತಂಡದ ಸಿಡ್ ಲಕ್‌ಮನ್ 1943ರ ಒಂದೇ ಪಂದ್ಯದಲ್ಲಿ ಏಳು ಟಚ್‌ಡೌನ್ ಪಾಸ್‌ಗಳನ್ನು ಎಸೆದರು. ಆಮೇಲೆ ಏಳು ಮಂದಿ ಆ ಸಂಖ್ಯೆಯನ್ನು ಮುಟ್ಟಿದ್ದಾರೆ, ದಾಟಿದವರಿಲ್ಲ.

ಇನ್ನೂ ಸೋಜಿಗದ ದಾಖಲೆ ನಾರ್ಮ್ ವ್ಯಾನ್ ಬ್ರಾಕ್ಲಿನ್ ಅವರದು. 1951ರ ಸೆಪ್ಟೆಂಬರ್ 28ರಂದು ಲಾಸ್ ಏಂಜಲಿಸ್ ರ‍್ಯಾಮ್ಸ್ ಪರವಾಗಿ ನ್ಯೂಯಾರ್ಕ್ ಯಾಂಕ್ಸ್ ವಿರುದ್ಧ ಅವರು ಒಂದೇ ಪಂದ್ಯದಲ್ಲಿ 554 ಗಜಗಳನ್ನು ಗಳಿಸಿದರು. ಎಂದಿನಂತೆ ಸರದಿ ಹಂಚಿಕೊಳ್ಳುತ್ತಿದ್ದ ಬಾಬ್ ವಾಟರ್‌ಫೀಲ್ಡ್ ಗಾಯಗೊಂಡಿದ್ದರಿಂದ ಅಂದು ಚೆಂಡೆಸೆತದ ಭಾರ ಅವರೊಬ್ಬರ ಮೇಲೆ ಬಿದ್ದಿತ್ತು. ನಿಯಮಗಳು ಎಷ್ಟೇ ಸಡಿಲವಾಗಿದ್ದರೂ, ಎಪ್ಪತ್ತು ವರ್ಷ ಮೀರಿದ ಆ ದಾಖಲೆಯನ್ನು ಇಂದಿಗೂ ಯಾರೂ ಅಳಿಸಿಲ್ಲ.

ಬಾಲ್ಟಿಮೋರಿನ ಜಾನಿ ಯುನೈಟಸ್ 1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಟಚ್‌ಡೌನ್ ಪಾಸ್ ಎಸೆದರು. 2012ರಲ್ಲಿ ಡ್ರೂ ಬ್ರೀಸ್ ಅದನ್ನು ಮೀರಿಸುವವರೆಗೆ ಐವತ್ತೆರಡು ವರ್ಷ ಆ ದಾಖಲೆ ನಿಂತಿತ್ತು. ಒಂದು ಋತುವಿನಲ್ಲಿ 4,000 ಗಜಗಳನ್ನು ಮೊದಲು ದಾಟಿದವರು ಜೋ ನೇಮತ್. ಆಗ ಪ್ರತ್ಯೇಕವಾಗಿದ್ದ ಎ.ಎಫ್.ಎಲ್. ಒಕ್ಕೂಟದಲ್ಲಿ, 1967ರಲ್ಲಿ, ಹದಿನಾಲ್ಕು ಪಂದ್ಯಗಳಿಂದ 4,007 ಗಜ. 1984ರಲ್ಲಿ ಮಯಾಮಿಯ ಡ್ಯಾನ್ ಮರೀನೋ, ವೃತ್ತಿಯ ಎರಡನೆಯ ವರ್ಷದಲ್ಲಿಯೇ, 5,084 ಗಜ ಮತ್ತು 48 ಟಚ್‌ಡೌನ್‌ಗಳನ್ನು ಗಳಿಸಿ ಎಲ್ಲರನ್ನೂ ಬೆರಗುಗೊಳಿಸಿದರು. ಗಜಗಳ ಆ ದಾಖಲೆ ಇಪ್ಪತ್ತೇಳು ವರ್ಷ ಬಾಳಿತು. 2011ರಲ್ಲಿ ಬ್ರೀಸ್ 5,476 ಗಜ ಗಳಿಸಿದರು. 2013ರಲ್ಲಿ ಪೇಟನ್ ಮ್ಯಾನಿಂಗ್ 5,477 ಗಜ ಮತ್ತು 55 ಟಚ್‌ಡೌನ್‌ಗಳೊಂದಿಗೆ ಕೇವಲ ಒಂದು ಗಜದಿಂದ ಅವರನ್ನು ಹಿಂದಿಕ್ಕಿದರು. ಋತುವಿನ ಈ ಎರಡು ದಾಖಲೆಗಳೂ ಇಂದಿಗೂ ಮ್ಯಾನಿಂಗ್ ಅವರ ಹೆಸರಿನಲ್ಲಿವೆ. ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಟಾಮ್ ಬ್ರೇಡಿ ಎಲ್ಲರಿಗಿಂತ ಮುಂದಿದ್ದಾರೆ: ಇಪ್ಪತ್ತಮೂರು ಋತುಗಳಲ್ಲಿ 89,214 ಗಜ, 649 ಟಚ್‌ಡೌನ್.

ಅಂಶವೂ ಛೇದವೂ

ರೋಗಿಯ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ವೈದ್ಯರಾದ ನಾವು ಅಂಕಿಯೊಂದನ್ನೇ ನೋಡುವುದಿಲ್ಲ. ವಯಸ್ಸೇನು, ಪರೀಕ್ಷೆಯ ವಿಧಾನವೇನು, ಸಹಜ ಮಿತಿ ಎಷ್ಟು ಎಂದು ಕೇಳುತ್ತೇವೆ. ದಾಖಲೆಗಳನ್ನೂ ಹೀಗೆಯೇ ಓದಬೇಕು. ಅಂಶವನ್ನು ನೋಡಿ ಛೇದವನ್ನು ಮರೆತರೆ ಭಿನ್ನರಾಶಿಗೆ ಅರ್ಥವಿಲ್ಲ.

ಮರೀನೋ 5,084 ಗಜಗಳನ್ನು 564 ಎಸೆತಗಳಿಂದ ಗಳಿಸಿದರು, ಎಸೆತಕ್ಕೆ 9.0 ಗಜ. ಬ್ರೀಸ್ 657 ಬಾರಿ ಎಸೆದರು, ಮ್ಯಾನಿಂಗ್ 659 ಬಾರಿ. ಇಬ್ಬರಿಗೂ ಎಸೆತಕ್ಕೆ ಸುಮಾರು 8.3 ಗಜ. ಒಟ್ಟು ಗಳಿಕೆಯಲ್ಲಿ ಹಿಂದೆ ಬಿದ್ದ ಮರೀನೋ ಪ್ರತಿ ಎಸೆತದ ಫಲದಲ್ಲಿ ಮುಂದಿದ್ದಾರೆ. ನೇಮತ್ ಅವರ 4,007 ಗಜಗಳನ್ನು ಹದಿನಾಲ್ಕು ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 286 ಗಜ. ಆದರೆ ಅದೇ ಋತುವಿನಲ್ಲಿ ಅವರ 28 ಎಸೆತಗಳು ಎದುರಾಳಿಗಳ ಕೈಸೇರಿದವು ಎಂಬುದನ್ನೂ ಹೇಳದಿದ್ದರೆ ಲೆಕ್ಕ ಪೂರ್ಣವಾಗದು. ಬ್ರೆಟ್ ಫಾರ್ವ್ 508 ಟಚ್‌ಡೌನ್‌ಗಳ ವೀರರು. ಎದುರಾಳಿಗೆ 336 ಬಾರಿ ಚೆಂಡು ಒಪ್ಪಿಸಿದ ದಾಖಲೆಯೂ ಅವರದೇ.

ಛೇದಕ್ಕಿಂತ ಆಳವಾದದ್ದು ನಿಯಮಗಳ ಬದಲಾವಣೆ. 1978ರಲ್ಲಿ ಋತುವಿನ ಪಂದ್ಯಗಳು ಹದಿನಾಲ್ಕರಿಂದ ಹದಿನಾರಕ್ಕೇರಿದವು. ಅದೇ ವರ್ಷ, ಆರಂಭರೇಖೆಯಿಂದ ಐದು ಗಜ ದಾಟಿದ ರಿಸೀವರನ್ನು ತಡೆದು ನೂಕಬಾರದೆಂದೂ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿರುವವರು ತೋಳು ಚಾಚಿ ಅಂಗೈ ತೆರೆದು ಎದುರಾಳಿಯನ್ನು ತಡೆಯಬಹುದೆಂದೂ ನಿಯಮವಾಯಿತು. ಮರುವರ್ಷವೇ ಸ್ಯಾನ್ ಡಿಯೇಗೋ ತಂಡದ ಡ್ಯಾನ್ ಫೌಟ್ಸ್ 4,082 ಗಜ ಗಳಿಸಿ ನೇಮತ್ ಅವರನ್ನು ಮೀರಿದರು. 1981ರ ವೇಳೆಗೆ ಅವರ ಗಳಿಕೆ 4,802ಕ್ಕೆ ಏರಿತು. ಮನುಷ್ಯನ ತೋಳು ಮೂರು ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ನಿಯಮ ಪುಸ್ತಕ ಮತ್ತು ಅದನ್ನು ಬಳಸಿಕೊಂಡ ತರಬೇತುದಾರರ ಬುದ್ಧಿ. 2021ರಿಂದ ಹದಿನೇಳು ಪಂದ್ಯಗಳಾಗಿದ್ದರೂ ಮ್ಯಾನಿಂಗ್ ಅವರ ಹದಿನಾರು ಪಂದ್ಯಗಳ ಗಳಿಕೆ ಉಳಿದುಕೊಂಡಿರುವುದು ಅದರ ಹಿರಿಮೆಯನ್ನು ಹೆಚ್ಚಿಸುತ್ತದೆ. ಆ 2021ರಲ್ಲಿ 44 ವರ್ಷದ ಬ್ರೇಡಿ 5,316 ಗಜಗಳಿಗೆ ನಿಂತರು. 2022ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ 5,250 ಗಜಗಳಿಗೆ.

ಅಂಕಿಗಳಲ್ಲಿ ಕಾಣದ ಇನ್ನೊಂದು ಛೇದವಿದೆ: ಅವಕಾಶ. ವಾರನ್ ಮೂನ್ ಎಂಬ ಕಪ್ಪುಜನಾಂಗದ ಕ್ವಾರ್ಟರ್‌ಬ್ಯಾಕನ್ನು 1978ರಲ್ಲಿ ಎನ್.ಎಫ್.ಎಲ್.ನ ಯಾವ ತಂಡವೂ ಆರಿಸಿಕೊಳ್ಳಲಿಲ್ಲ. ಅವರು ಕೆನಡಾದ ಎಡ್ಮಂಟನ್‌ಗೆ ಹೋಗಿ ಆರು ವರ್ಷ ಆಡಿ, ಸತತ ಐದು ಬಾರಿ ಗ್ರೇ ಕಪ್ ಗೆದ್ದ ತಂಡದಲ್ಲಿದ್ದು, ಬಳಿಕ ಇಲ್ಲಿಗೆ ಮರಳಿ 49,325 ಗಜ ಗಳಿಸಿದರು. 2006ರಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆದ ಮೊದಲ ಕಪ್ಪುಜನಾಂಗದ ಕ್ವಾರ್ಟರ್‌ಬ್ಯಾಕ್ ಎನಿಸಿದರು. ಕಲಿತ ವಿದ್ಯೆಯನ್ನು ಪರದೇಶದಲ್ಲಿ ಮತ್ತೊಮ್ಮೆ ಒರೆಗೆ ಹಚ್ಚಿ ತೋರಿಸಬೇಕಾಗಿ ಬಂದ ನಮ್ಮಂಥವರಿಗೆ ಆ ಆರು ವರ್ಷಗಳ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ದುರಸ್ತಿಯಾದ ದೇಹಗಳು

ವೈದ್ಯರನ್ನು ವಿಶೇಷವಾಗಿ ಸೆಳೆಯುವ ಸಂಗತಿಯೆಂದರೆ, ಮೇಲೆ ಹೆಸರಿಸಿದ ಮಹಾ ದಾಖಲೆಗಳಲ್ಲಿ ಹಲವು ಶಸ್ತ್ರಚಿಕಿತ್ಸೆಯ ನಂತರ ಮೂಡಿದವು. 2005ರ ಡಿಸೆಂಬರ್ 31ರಂದು ಬ್ರೀಸ್ ಅವರ ಎಸೆಯುವ ಬಲಭುಜ ಕೀಲು ತಪ್ಪಿ, ಕೀಲಿನ ಗುಳಿಯ ಅಂಚಿನಲ್ಲಿರುವ ಲೇಬ್ರಮ್ ಎಂಬ ಮೃದ್ವಸ್ಥಿಯ ಉಂಗುರ ಸುತ್ತಲೂ ಹರಿದುಹೋಯಿತು. ಅಲಬಾಮಾದಲ್ಲಿ ಡಾ. ಜೇಮ್ಸ್ ಆಂಡ್ರ್ಯೂಸ್ ಅದನ್ನು ಸರಿಪಡಿಸಿದರು. 2006ರಲ್ಲಿ ನ್ಯೂ ಆರ್ಲಿಯನ್ಸ್ ತಂಡವನ್ನು ಸೇರಿದ ಬ್ರೀಸ್, ಅಲ್ಲಿಯೇ 5,476 ಗಜಗಳ ಋತುವನ್ನೂ, 2018ರಲ್ಲಿ ಶೇಕಡಾ 74.4ರಷ್ಟು ಎಸೆತಗಳು ಸಂಗಡಿಗರ ಕೈಸೇರಿದ ದಾಖಲೆಯನ್ನೂ ಸಾಧಿಸಿದರು.

ಮ್ಯಾನಿಂಗ್ ಅವರಿಗೆ ಕುತ್ತಿಗೆಯಲ್ಲಿ ನರದ ಮೇಲೆ ಒತ್ತಡ ಬಿದ್ದು, ಬಲತೋಳಿನ ಟ್ರೈಸೆಪ್ಸ್ ಸ್ನಾಯು ಬಲಗುಂದಿತು. ಹಲವು ಶಸ್ತ್ರಚಿಕಿತ್ಸೆಗಳಾಗಿ, ಕೊನೆಗೆ ಬೆನ್ನೆಲುಬಿನ ಮಣಿಗಳನ್ನು ಬೆಸೆಯಬೇಕಾಯಿತು. 2011ರ ಋತುವಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಒತ್ತಡಕ್ಕೊಳಗಾದ ನರ ಚೇತರಿಸಿಕೊಳ್ಳುವುದು ಎಷ್ಟು ನಿಧಾನವೆಂದು ನಮಗೆ ಗೊತ್ತು. ಅದನ್ನು ಅವಸರಿಸುವ ಮದ್ದಿಲ್ಲ. ಅಂಥ ತೋಳಿನಿಂದ, 37ರ ವಯಸ್ಸಿನಲ್ಲಿ, 55 ಟಚ್‌ಡೌನ್‌ಗಳು ಹೊಮ್ಮಿದವು. ಬ್ರೇಡಿಯವರ ಮೊಣಕಾಲಿನ ಅಸ್ಥಿಬಂಧಗಳು 2008ರ ಮೊದಲ ಪಂದ್ಯದಲ್ಲಿಯೇ ಹರಿದವು. ಮುಂದಿನ ವರ್ಷವೇ ಕ್ವಾರ್ಟರ್‌ಬ್ಯಾಕಿನ ಕಾಲಿಗೆ ಎರಗುವುದರ ವಿರುದ್ಧದ ನಿಯಮವನ್ನು ಬಿಗಿಗೊಳಿಸಲಾಯಿತು. ಆದ್ದರಿಂದ ಈ ದಾಖಲೆಗಳನ್ನು ಕೇವಲ ಪ್ರತಿಭೆಯ ಫಲವೆನ್ನದೆ, ಪ್ರತಿಭೆ, ನಿಯಮ ಮತ್ತು ವೈದ್ಯಶಾಸ್ತ್ರ ಕೂಡಿ ಬರೆದವು ಎನ್ನುವುದು ಉಚಿತ.

ಎಲೆಮರೆಯ ಕಾಯಿಗಳು

ಕ್ವಾರ್ಟರ್‌ಬ್ಯಾಕನ್ನು ಕಾಯಲು ನಿಯಮಗಳಿವೆ. ಅವನಿಗೆ ಆ ಕ್ಷಣಗಳನ್ನು ದೊರಕಿಸಿಕೊಡಲು ಮುಂಚೂಣಿಯಲ್ಲಿ ನಿಂತು, ಪ್ರತಿ ಆಟದಲ್ಲೂ ತಲೆಗೆ ತಲೆ ತಾಗಿಸುವ ಐವರ ಹೆಸರಿನಲ್ಲಿ ಗಜಗಳ ದಾಖಲೆಯಿಲ್ಲ. ಪಿಟ್ಸ್‌ಬರ್ಗ್ ತಂಡದ ಸೆಂಟರ್ ಆಗಿದ್ದ ಮೈಕ್ ವೆಬ್‌ಸ್ಟರ್ ಅಂಥವರಲ್ಲಿ ಅಗ್ರಗಣ್ಯರು. ಟೆರಿ ಬ್ರಾಡ್‌ಶಾ ಅವರಿಗೆ ಚೆಂಡು ನೀಡಿ, ನಾಲ್ಕು ಸೂಪರ್ ಬೌಲ್ ವಿಜಯಗಳಲ್ಲಿ ಭಾಗಿಯಾಗಿ, ಒಟ್ಟು ಹದಿನೇಳು ಋತು ಆಡಿದವರು. ನಿವೃತ್ತಿಯ ನಂತರ ಮರೆವು, ಗೊಂದಲ, ಖಿನ್ನತೆಗಳಿಂದ ನರಳಿ 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದವರು ನೈಜೀರಿಯಾದಲ್ಲಿ ವೈದ್ಯಪದವಿ ಪಡೆದು ಇಲ್ಲಿಗೆ ವಲಸೆ ಬಂದ ರೋಗಶಾಸ್ತ್ರಜ್ಞ ಡಾ. ಬೆನೆಟ್ ಒಮಾಲು. ಹೊರನೋಟಕ್ಕೆ ಸಹಜವಾಗಿದ್ದ ಆ ಮೆದುಳಿನ ತೆಳುಪದರಗಳಲ್ಲಿ ಅವರು ಟೌ ಎಂಬ ಪ್ರೋಟೀನಿನ ಅಸಹಜ ಶೇಖರಣೆಯನ್ನು ಕಂಡು, 2005ರಲ್ಲಿ ಪ್ರಕಟಿಸಿದರು. ಸಿ.ಟಿ.ಇ. ಎಂಬ ಆ ಮೆದುಳಿನ ಸವೆತದ ಚರ್ಚೆ ಫುಟ್‌ಬಾಲಿನಲ್ಲಿ ತೊಡಗಿದ್ದು ಅಲ್ಲಿಂದ. ಆಟದ ಸಂಸ್ಕೃತಿಯಲ್ಲಿ ಬೆಳೆಯದ ವಲಸಿಗನೊಬ್ಬ ಇತರರು ಕೇಳದ ಪ್ರಶ್ನೆಯನ್ನು ಕೇಳಿದ ಎಂಬುದು ನಮಗೆ ಮನನೀಯ.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎನ್.ಎಫ್.ಎಲ್.ನ 111 ಮೃತ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಸಿ.ಟಿ.ಇ. ಕಂಡರು. ಈ ಅಂಕಿಗೂ ಛೇದದ ಪ್ರಶ್ನೆ ಅನ್ವಯಿಸುತ್ತದೆ. ಆ ಮೆದುಳುಗಳು ದಾನವಾಗಿ ಬಂದವು. ಬದುಕಿದ್ದಾಗ ಲಕ್ಷಣ ಕಂಡ ಕುಟುಂಬಗಳೇ ಹೆಚ್ಚಾಗಿ ದಾನಕ್ಕೆ ಮುಂದಾಗುತ್ತವೆ. ಆದ್ದರಿಂದ ಆಡಿದವರೆಲ್ಲರಿಗೂ ರೋಗ ನಿಶ್ಚಿತವೆಂದು ಅರ್ಥವಲ್ಲ. ಹಾಗೆಂದು ಕಡೆಗಣಿಸುವ ಅಂಕಿಯೂ ಅದಲ್ಲ. ದಾಖಲೆಯನ್ನು ಉಬ್ಬಿಸದೆ ಓದುವ ವಿವೇಕವೇ ಅಪಾಯವನ್ನು ಉಬ್ಬಿಸದೆ, ಕುಗ್ಗಿಸದೆ ಓದಲೂ ಬೇಕು.

ನಮ್ಮ ಮಕ್ಕಳ ವಿಷಯ

ಮಗನು ಶಾಲೆಯ ತಂಡಕ್ಕೆ ಸೇರಲು ಅನುಮತಿ ಪತ್ರವನ್ನು ಮುಂದಿಟ್ಟಾಗ ಏನು ಹೇಳಬೇಕು? ಇದು ನಮ್ಮನ್ನು ಅನೇಕ ಪೋಷಕರು ಕೇಳಿರುವ ಪ್ರಶ್ನೆ. ಮೈಗೆ ಮೈ ಅಪ್ಪಳಿಸದ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಸೊಂಟದ ಪಟ್ಟಿಯನ್ನು ಸೆಳೆದರೆ ಸಾಕು, ಆಟಗಾರ ನಿಂತಂತೆ. ಎಸೆಯುವ, ಹಿಡಿಯುವ, ಯೋಚಿಸುವ ಆನಂದವೆಲ್ಲ ಅದರಲ್ಲಿದೆ. ಹುಡುಗಿಯರೂ ಅದನ್ನು ಆಡುತ್ತಾರೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಅದು ಸೇರ್ಪಡೆಯಾಗಿದೆ. ಎಳೆಯ ಮಕ್ಕಳಿಗೆ ನಾವು ಸೂಚಿಸುವುದು ಅದನ್ನೇ.

ಹಿರಿಯ ಮಕ್ಕಳು ಪೂರ್ಣ ಆಟವನ್ನೇ ಆಯ್ದರೆ ಒಂದು ವ್ರತವನ್ನು ಮನೆಮಂದಿಯೆಲ್ಲ ಪಾಲಿಸಬೇಕು. ತಲೆಗೆ ಪೆಟ್ಟಾದ ಬಳಿಕ ತಲೆನೋವು, ವಾಂತಿ, ಗೊಂದಲ, ಬೆಳಕು ಸಹಿಸದಿರುವಿಕೆ, ನಿದ್ರೆಯ ವ್ಯತ್ಯಾಸ, ಇವುಗಳಲ್ಲಿ ಯಾವುದು ಕಂಡರೂ ಅಂದಿನ ಆಟ ಮುಗಿಯಿತು. ಪ್ರಜ್ಞೆ ತಪ್ಪಿರಲೇಬೇಕೆಂದಿಲ್ಲ. ವೈದ್ಯರು ನೋಡಿ ಒಪ್ಪದೆ ಮರಳಿ ಮೈದಾನಕ್ಕೆ ಇಳಿಯಕೂಡದು. ಮೊದಲ ಪೆಟ್ಟು ಮಾಗುವ ಮುನ್ನ ಬೀಳುವ ಎರಡನೆಯ ಪೆಟ್ಟು ಪ್ರಾಣಾಂತಕವಾಗಬಲ್ಲದು. ವಾಷಿಂಗ್ಟನ್ ರಾಜ್ಯ 2009ರಲ್ಲಿ ಮೊದಲಿಗೆ ಇಂಥ ಕಾನೂನನ್ನು ತಂದಿತು. 2014ರ ವೇಳೆಗೆ ಐವತ್ತೂ ರಾಜ್ಯಗಳು ಈ ಬಗೆಯ ಕಾನೂನುಗಳನ್ನು ಮಾಡಿದವು. ಆದರೆ ತಂಡದಲ್ಲಿ ಸ್ಥಾನ ತಪ್ಪೀತೆಂಬ ಭಯದಿಂದ ಮಕ್ಕಳು ನೋವನ್ನು ಮರೆಮಾಚುತ್ತಾರೆ. ಅವರು ನಮ್ಮೊಡನೆ ಮನಬಿಚ್ಚಿ ಹೇಳಬೇಕಾದರೆ, ಅವರ ಆಟದ ಭಾಷೆ ನಮಗೆ ಸ್ವಲ್ಪವಾದರೂ ತಿಳಿದಿರಬೇಕು.

ಮುನ್ನೆಸೆತವು ಯುವಕರ ಪ್ರಾಣ ಉಳಿಸಲೆಂದು ಆಟಕ್ಕೆ ಬಂದಿತು. ಅದರ ದಾಖಲೆಗಳನ್ನು ಮೆಚ್ಚುವಾಗ ಎಸೆದವನ ತೋಳಿನ ಜೊತೆಗೆ ಅವನನ್ನು ಕಾದವರ ತಲೆಗಳನ್ನೂ ಎಣಿಕೆಗೆ ತೆಗೆದುಕೊಳ್ಳುವುದು ನ್ಯಾಯವೆಂದು ನಮ್ಮ ನಂಬುಗೆ.