ಚುಕ್ಕಾಣಿ ಇಲ್ಲದ ಹಾಯಿಹಲಗೆ

ಜೋರು ಗಾಳಿಯಲ್ಲಿ ಕೊಡೆ ಹಿಡಿದು ನಡೆದಿದ್ದೀರಾ? ಕೊಡೆ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ ಅನ್ನಿಸಿರಬೇಕು. ಪುಟ್ಟ ಕೊಡೆಯ ಮೇಲೆ ಬೀಳುವ ಗಾಳಿಗೇ ಇಷ್ಟು ಬಲ! ಈ ಬಲವನ್ನು ಬಳಸಿಕೊಂಡು ನೀರಿನ ಮೇಲೆ ಓಡುವ ಆಟವೇ ವಿಂಡ್‌ಸರ್ಫಿಂಗ್. ತೇಲುವ ಹಲಗೆಯ ಮೇಲೆ ಒಬ್ಬರು ನಿಂತು, ಹಾಯಿಯನ್ನು ಕೈಯಲ್ಲಿ ಹಿಡಿದು ಸಾಗುತ್ತಾರೆ. ದೋಣಿಗೆ ಇರುವಂತೆ ಇದಕ್ಕೆ ಚುಕ್ಕಾಣಿ ಇಲ್ಲ. ಹಾಗಾದರೆ ಬೇಕಾದ ಕಡೆಗೆ ತಿರುಗುವುದು ಹೇಗೆ? ಹೋದವರು ದಡಕ್ಕೆ ಮರಳುವುದು ಹೇಗೆ?

ಏನೇನು ಬೇಕು?

ಕಲಿಯುವವರ ಹಲಗೆ ಅಗಲವಾಗಿರುತ್ತದೆ. ಅದರ ಗಾತ್ರ ಸುಮಾರು 200 ಲೀಟರ್. ಇಷ್ಟು ದೊಡ್ಡ ಹಲಗೆ ಸುಲಭವಾಗಿ ಮಗುಚುವುದಿಲ್ಲ. ಹಲಗೆಯ ಅಡಿಯಲ್ಲಿ, ನಡುವೆ ಒಂದು ಅಗಲವಾದ ಪಟ್ಟಿ ನೀರಿನೊಳಗೆ ಇಳಿದಿರುತ್ತದೆ. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಒಂದು ಚಿಕ್ಕ ಭಾಗವಿರುತ್ತದೆ.

ಹಾಯಿಯ ಅಂಚಿನಲ್ಲಿ ಉದ್ದನೆಯ ಚೀಲದಂಥ ಹೊಲಿಗೆ ಇರುತ್ತದೆ. ಅದರೊಳಗೆ ಕಂಬವನ್ನು ತೂರಿಸುತ್ತಾರೆ. ಎದೆಯಿಂದ ಭುಜದವರೆಗಿನ ಎತ್ತರದಲ್ಲಿ ಹಿಡಿಕೆಯನ್ನು ಅಡ್ಡಲಾಗಿ ಜೋಡಿಸುತ್ತಾರೆ. ಮೊದಲು ಹಾಯಿಯ ಕೆಳತುದಿಯ ಹಗ್ಗವನ್ನು ಚೆನ್ನಾಗಿ ಬಿಗಿಯಬೇಕು. ಆಮೇಲೆ ಹಿಡಿಕೆಯ ತುದಿಯ ಹಗ್ಗವನ್ನು ಹದವಾಗಿ ಎಳೆದು ಕಟ್ಟಬೇಕು.

ಕಂಬದ ಬುಡವನ್ನು ಹಲಗೆಗೆ ಸೇರಿಸುವ ಕೀಲು ಮುಖ್ಯವಾದದ್ದು. ಅದು ಎಲ್ಲ ಕಡೆಗೂ ಬಾಗುತ್ತದೆ, ತಿರುಗುತ್ತದೆ. ಹಾಗಾಗಿ ಕಂಬವನ್ನು ಹಿಡಿದು ನಿಲ್ಲಿಸುವವರು ಸವಾರರೇ! 1960ರ ದಶಕದಲ್ಲಿ ಅಮೆರಿಕದ ನ್ಯೂಮನ್ ಡಾರ್ಬಿ ಕೈಯಲ್ಲಿ ಹಿಡಿಯುವ ಹಾಯಿಯ ಹಲಗೆಯನ್ನು ರೂಪಿಸಿದರು. 1968ರಲ್ಲಿ ಅದೇ ದೇಶದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ತಮ್ಮ ಮಾದರಿಗೆ ಪೇಟೆಂಟ್ ಕೋರಿದರು. 1984ರಲ್ಲಿ ಈ ಆಟ ಒಲಿಂಪಿಕ್ಸ್‌ಗೂ ಸೇರಿತು.

ಪಕ್ಕದಿಂದ ಗಾಳಿ, ಮುಂದಕ್ಕೆ ಓಟ

ಒದ್ದೆ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಬೆರಳುಗಳು ಒತ್ತುವುದು ಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ! ಹಾಯಿಹಲಗೆಯಲ್ಲೂ ಹೀಗೇ. ಪಕ್ಕದಿಂದ ಬೀಸುವ ಗಾಳಿಯನ್ನು ಹಾಯಿ ಹಿಂದಕ್ಕೆ ತಿರುಗಿಸುತ್ತದೆ. ಆಗ ಗಾಳಿ ಹಾಯಿಯನ್ನು ಪಕ್ಕಕ್ಕೂ ಸ್ವಲ್ಪ ಮುಂದಕ್ಕೂ ತಳ್ಳುತ್ತದೆ. ಹಲಗೆ ಪಕ್ಕಕ್ಕೆ ಜಾರದಂತೆ ನೀರಿನೊಳಗಿನ ಪಟ್ಟಿ ತಡೆಯುತ್ತದೆ. ಉಳಿದ ಬಲ ಹಲಗೆಯನ್ನು ಮುಂದಕ್ಕೆ ಓಡಿಸುತ್ತದೆ.

ಗಾಳಿ ಬರುವ ಕಡೆಗೇ ನೇರವಾಗಿ ಸಾಗಲು ಮಾತ್ರ ಆಗದು. ಆ ಕಡೆ ಹೋಗಬೇಕಾದರೆ ಘಟ್ಟದ ರಸ್ತೆಯಂತೆ ಅಂಕುಡೊಂಕಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು.

ಮೊದಲ ಪಾಠ

ಹಲಗೆಯನ್ನು ಗಾಳಿಗೆ ಅಡ್ಡವಾಗಿ ಇಟ್ಟುಕೊಳ್ಳಬೇಕು. ಗಾಳಿಗೆ ಬೆನ್ನು ಮಾಡಿ, ಕಂಬದ ಎರಡೂ ಬದಿಗೆ ಒಂದೊಂದು ಕಾಲಿಟ್ಟು ನಿಲ್ಲಬೇಕು. ಮಂಡಿ ಬಾಗಿಸಿ, ಬೆನ್ನು ನೆಟ್ಟಗೆ ಇಟ್ಟು, ಹಗ್ಗ ಹಿಡಿದು ಹಾಯಿಯನ್ನು ನಿಧಾನವಾಗಿ ಎತ್ತಬೇಕು. ಹಾಯಿಯ ಮೇಲಿನ ನೀರು ಇಳಿದಂತೆ ಭಾರ ಕಡಿಮೆಯಾಗುತ್ತದೆ. ಮೇಲೆದ್ದ ಹಾಯಿ ಬಾವುಟದಂತೆ ಪಟಪಟ ಬಡಿಯುತ್ತದೆ. ಆಗ ಅದು ಹಲಗೆಯನ್ನು ಓಡಿಸುವುದಿಲ್ಲ.

ಈಗ ಮುಂದಿನ ಕೈಯಿಂದ ಹಿಡಿಕೆ ಹಿಡಿದು, ಹಿಂದಿನ ಕೈಯಿಂದ ಮೆಲ್ಲಗೆ ಒಳಕ್ಕೆ ಎಳೆದರೆ ಹಾಯಿಯಲ್ಲಿ ಗಾಳಿ ತುಂಬುತ್ತದೆ. ಹಲಗೆ ಹೊರಡುತ್ತದೆ. ನಿಲ್ಲಬೇಕೇ? ಹಿಂದಿನ ಕೈ ಬಿಟ್ಟರಾಯಿತು.

ತಿರುಗಲು ಕಂಬವನ್ನು ಬಾಗಿಸಬೇಕು. ಕಂಬವನ್ನು ಹಲಗೆಯ ಮೂತಿಯ ಕಡೆಗೆ ಬಾಗಿಸಿದರೆ ಗಾಳಿಯ ಬಲ ನಡುವಿನ ಪಟ್ಟಿಗಿಂತ ಮುಂದೆ ಬೀಳುತ್ತದೆ. ಮೂತಿ ಗಾಳಿಯಿಂದ ದೂರ ಸರಿಯುತ್ತದೆ. ಕಂಬವನ್ನು ಹಿಂದಕ್ಕೆ ಬಾಗಿಸಿದರೆ ಹಲಗೆಯ ಬಾಲ ತಳ್ಳಲ್ಪಟ್ಟು, ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ಹಾಯಿಯೇ ಇಲ್ಲಿ ಚುಕ್ಕಾಣಿ!

ಮರಳಿ ಬರುವುದು ಮುಖ್ಯ

ದಡದಿಂದ ನೀರಿನ ಕಡೆಗೆ ಗಾಳಿ ಬೀಸುತ್ತಿರುವಾಗ ಕಲಿಯುವವರು ಇಳಿಯಲೇಬಾರದು. ದಡದ ಹತ್ತಿರ ನೀರು ಶಾಂತವಾಗಿ ಕಾಣುತ್ತದೆ, ಮರಗಳು ಗಾಳಿಯನ್ನು ತಡೆದಿರುತ್ತವೆ. ದೂರ ಹೋದಂತೆ ಗಾಳಿ ಜೋರಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ! ಕೈಸೋತವರನ್ನು ಆ ಗಾಳಿ ಇನ್ನೂ ದೂರ ಒಯ್ಯುತ್ತದೆ.

ಹಾಗೇನಾದರೂ ಆದರೆ ಹಲಗೆಯನ್ನು ಬಿಟ್ಟು ಈಜಬಾರದು. ದಡ ಕಣ್ಣಿಗೆ ಹತ್ತಿರ ಕಂಡರೂ ಈಜಲು ದೂರವಿರಬಹುದು. ಹಲಗೆ ಮುಳುಗುವುದಿಲ್ಲ, ಹುಡುಕಿ ಬರುವವರಿಗೆ ಬೇಗ ಕಾಣುತ್ತದೆ. ಹಾಯಿಯನ್ನು ನೀರಿಗೆ ಇಳಿಸಿ, ಹಲಗೆಯ ಮೇಲೆ ಕುಳಿತು, ಎರಡೂ ಕೈಗಳನ್ನು ಬದಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ಇದು ನೆರವು ಕೇಳುವ ಸಂಕೇತ. ಈಜು ಬಲ್ಲವರೂ ಲೈಫ್ ಜಾಕೆಟ್ ತೊಡಬೇಕು, ಕಲಿಸುವವರು ಜೊತೆಗಿರಬೇಕು.

ನೀವೇ ಮಾಡಿ ನೋಡಿ

ಗೇಣುದ್ದದ ಥರ್ಮೋಕೋಲ್ ಹಲಗೆ ತೆಗೆದುಕೊಳ್ಳಿ. ಅದರ ಅಡಿಯಲ್ಲಿ, ನಡುವೆ, ಗಟ್ಟಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಉದ್ದಕ್ಕೆ ಸಿಕ್ಕಿಸಿ. ರಟ್ಟಿನ ಚಿಕ್ಕ ಹಾಯಿಯನ್ನು ಕಡ್ಡಿಗೆ ಅಂಟಿಸಿ. ಅಗಲವಾದ ಬೋಗುಣಿಯ ನೀರಿನಲ್ಲಿ ಹಲಗೆಯನ್ನು ತೇಲಿಬಿಡಿ. ಹಾಯಿಯನ್ನು ಮೊದಲು ಮುಂಭಾಗದಲ್ಲಿ, ಆಮೇಲೆ ಹಿಂಭಾಗದಲ್ಲಿ, ಹಲಗೆಯ ಉದ್ದಕ್ಕೇ ಚುಚ್ಚಿ, ಪಕ್ಕದಿಂದ ಪುಸ್ತಕದಿಂದ ಗಾಳಿ ಬೀಸಿ. ಪ್ರತಿ ಸಲವೂ ಮೂತಿ ಯಾವ ಕಡೆ ತಿರುಗಿತು? ಬರೆದಿಟ್ಟು ಗೆಳೆಯರೊಂದಿಗೆ ಚರ್ಚಿಸಿ.