ಬೆಳಕು ಬಿದ್ದು ತಣ್ಣಗಾದ ಅನಿಲ

ವಿಶ್ವದಲ್ಲಿ ಅತಿ ತಣ್ಣನೆಯ ಜಾಗ ಯಾವುದು ಎಂದು ಕೇಳಿದರೆ ಹೆಚ್ಚಿನವರು ಆಕಾಶದ ಕಡೆ ಕೈ ತೋರಿಸುತ್ತಾರೆ. ನಕ್ಷತ್ರಗಳಿಂದ ದೂರದ ಬಾಹ್ಯಾಕಾಶದ ತಾಪಮಾನ ಸುಮಾರು 2.7 ಕೆಲ್ವಿನ್, ಅಂದರೆ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆದರೆ 1995ರ ಜೂನ್ 5ರಂದು ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್, ಕಾರ್ಲ್ ವೀಮನ್ ಮತ್ತು ಸಂಗಡಿಗರು ರುಬಿಡಿಯಂ ಅನಿಲವನ್ನು 170 ನ್ಯಾನೊಕೆಲ್ವಿನ್‌ವರೆಗೆ ಇಳಿಸಿದರು. ಅದು ಬಾಹ್ಯಾಕಾಶದ ತಾಪಮಾನದ ಒಂದೂವರೆ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಷ್ಟು ಕೇಳಿದ ಕೂಡಲೇ ಹಿಮ ಕಟ್ಟಿದ ಕೊಳವೆಗಳು, ದೈತ್ಯ ಶೀತಲ ಯಂತ್ರಗಳು ಕಣ್ಣಮುಂದೆ ಬರುತ್ತವೆ. ವಾಸ್ತವದಲ್ಲಿ ಆ ಪ್ರಯೋಗದ ಗಾಜಿನ ಕೋಶ ಕೋಣೆಯಷ್ಟೇ ಬೆಚ್ಚಗಿರುತ್ತದೆ. ಹೊರಗಿನಿಂದ ಮುಟ್ಟಿದರೆ ಕೈಗೆ ಚಳಿ ತಾಗುವುದಿಲ್ಲ. ಒಳಗಿನ ಗಾಳಿಯನ್ನು ಪಂಪ್ ಮಾಡಿ ತೆಗೆದಿರುತ್ತಾರೆ, ಪರಮಾಣುಗಳು ಗೋಡೆಗೆ ತಾಗದಂತೆ ಕಾಂತಕ್ಷೇತ್ರ ಹಿಡಿದಿಟ್ಟಿರುತ್ತದೆ. ಕಾಫಿ ಬಿಸಿ ಆರದಂತೆ ಥರ್ಮಾಸ್ ಫ್ಲಾಸ್ಕಿನ ನಿರ್ವಾತ ಕಾಯುತ್ತದಲ್ಲ, ಇಲ್ಲಿ ಅದೇ ನಿರ್ವಾತ ತಂಪನ್ನು ಕಾಯುತ್ತದೆ.

ಈ ಅನಿಲವನ್ನು ಮೊದಲು ತಣಿಸುವುದು ಲೇಸರ್ ಬೆಳಕು. ಆದರೆ ಲೇಸರ್ ಎಂದರೆ ಉಕ್ಕು ಕತ್ತರಿಸುವ ಬೆಳಕು, ಅದು ಬಿದ್ದದ್ದೆಲ್ಲ ಕಾಯಲೇಬೇಕು ಎಂಬುದು ಇನ್ನೊಂದು ನಂಬಿಕೆ. ಇದನ್ನು ಬಿಡಿಸುವುದು ನನಗೆ ಬಲು ಇಷ್ಟ, ಏಕೆಂದರೆ ಬಿಸಿ ಎಂದರೇನು ಎಂಬುದೇ ಇಲ್ಲಿ ತಿಳಿಯಾಗುತ್ತದೆ. ಅನಿಲದ ಬಿಸಿ ಎಂದರೆ ಅದರ ಪರಮಾಣುಗಳ ಅಡ್ಡಾದಿಡ್ಡಿ ಓಟ. ಓಟ ತಗ್ಗಿದರೆ ಅನಿಲ ತಣಿದಂತೆ. ಕೋಣೆಯ ತಾಪಮಾನದಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಎದುರಿನಿಂದ ಬಂದ ಒಂದು ಫೋಟಾನನ್ನು ನುಂಗಿದಾಗ ಆ ವೇಗದಲ್ಲಿ ಕಡಿಮೆಯಾಗುವುದು ಸೆಕೆಂಡಿಗೆ ಬರೀ 6 ಮಿಲಿಮೀಟರ್. ನುಂಗಿದ ಬೆಳಕನ್ನು ಪರಮಾಣು ಯಾವ ದಿಕ್ಕಿಗಾದರೂ ಉಗುಳುತ್ತದೆ. ಆ ಒದೆತಗಳು ಒಂದಕ್ಕೊಂದು ವಜಾ ಆಗಿ ಎದುರಿನ ತಳ್ಳು ಮಾತ್ರ ಲೆಕ್ಕಕ್ಕೆ ಉಳಿಯುತ್ತದೆ. ಐವತ್ತು ಸಾವಿರ ಸಲ ಹೀಗಾದರೆ ಓಟ ನಿಂತಂತೆಯೇ. ಇಷ್ಟೆಲ್ಲಕ್ಕೂ ಬೇಕಾಗುವುದು ಸೆಕೆಂಡಿನ ಸಣ್ಣ ಪಾಲು.

ಹಿಂದಿನಿಂದ ಬಿದ್ದ ಬೆಳಕು ಓಟವನ್ನು ಹೆಚ್ಚಿಸುವುದಿಲ್ಲವೇ? ಹತ್ತಿರ ಬರುವ ರೈಲಿನ ಶಿಳ್ಳೆ ಕೀರಲಾಗಿ ಕೇಳುವ ಹಾಗೆ, ಬೆಳಕಿಗೆ ಎದುರಾಗಿ ಓಡುವ ಪರಮಾಣುವಿಗೆ ಅದರ ಆವರ್ತನ ತುಸು ಹೆಚ್ಚಿದಂತೆ ಕಾಣುತ್ತದೆ. ಆದ್ದರಿಂದ ಪರಮಾಣುವಿಗೆ ಒಗ್ಗುವ ಆವರ್ತನಕ್ಕಿಂತ ಕೂದಲೆಳೆಯಷ್ಟು ಕೆಳಗೆ ಲೇಸರನ್ನು ಹೊಂದಿಸುತ್ತಾರೆ. ಆಗ ಎದುರಿನ ಬೆಳಕು ಹೆಚ್ಚು ಒಗ್ಗುತ್ತದೆ, ಹಿಂದಿನದು ಅಷ್ಟು ಒಗ್ಗುವುದಿಲ್ಲ. ನುಂಗಿದ್ದಕ್ಕಿಂತ ಉಗುಳಿದ ಬೆಳಕಿನಲ್ಲಿ ಶಕ್ತಿ ಸ್ವಲ್ಪ ಹೆಚ್ಚು. ಪರಮಾಣುವಿನ ಬಿಸಿ ಹೊರಹೋಗುವುದು ಈ ದಾರಿಯಲ್ಲಿ.

1985ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೀವನ್ ಚು ತಂಡ ಆರು ದಿಕ್ಕಿನಿಂದ ಬೆಳಕು ಹಾಯಿಸಿ ಸೋಡಿಯಂ ಅನಿಲವನ್ನು 240 ಮೈಕ್ರೊಕೆಲ್ವಿನ್‌ಗೆ ಇಳಿಸಿತು. ಪರಮಾಣುಗಳು ಅಂಟು ಪಾಕದಲ್ಲಿ ಸಿಕ್ಕಿಕೊಂಡಂತೆ ತೆವಳಿದ್ದರಿಂದ ಅದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ಬೆಳಕಿನ ಕಾಕಂಬಿ ಎನ್ನಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ಲೇಸರ್‌ನಿಂದ ತಣಿಸುವ ಕೆಲಸ ನಡೆದಿದೆ.

ತಪ್ಪು ಕಲ್ಪನೆ ವಿಜ್ಞಾನಿಗಳನ್ನೂ ಬಿಡಲಿಲ್ಲ. ಈ ವಿಧಾನದಿಂದ ಸೋಡಿಯಂ 240 ಮೈಕ್ರೊಕೆಲ್ವಿನ್‌ಗಿಂತ ಕೆಳಗಿಳಿಯದು ಎಂದು ಲೆಕ್ಕ ಹೇಳುತ್ತಿತ್ತು. 1988ರಲ್ಲಿ ವಿಲಿಯಂ ಫಿಲಿಪ್ಸ್ ಅಳೆದಾಗ ಸಿಕ್ಕಿದ್ದು ಸುಮಾರು 40. ಪರಮಾಣುವನ್ನು ಎರಡೇ ಶಕ್ತಿಮಟ್ಟಗಳ ಸರಳ ವಸ್ತುವೆಂದು ಎಣಿಸಿದ್ದೇ ಲೆಕ್ಕದ ಕೊರತೆಯಾಗಿತ್ತು. ಚು, ಫಿಲಿಪ್ಸ್ ಹಾಗೂ ಇದನ್ನು ವಿವರಿಸಿದ ಕ್ಲೋಡ್ ಕೊಹೆನ್-ತನೂಜಿ 1997ರಲ್ಲಿ ನೊಬೆಲ್ ಪಡೆದರು.

ಹಾಗೆಂದು ಲೇಸರ್ ಒಂದರಿಂದಲೇ ಬೌಲ್ಡರ್ ತಂಡ ನ್ಯಾನೊಕೆಲ್ವಿನ್ ಮುಟ್ಟಲಿಲ್ಲ. ಕೊನೆಯ ಹಂತದಲ್ಲಿ ಲೇಸರ್ ಆರಿಸಿ, ಅತಿ ವೇಗದ ಪರಮಾಣುಗಳನ್ನು ರೇಡಿಯೊ ಅಲೆಗಳಿಂದ ಕಾಂತಬಲೆಯ ಆಚೆ ತಳ್ಳಿದರು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಬಿಸಿ ಕಣಗಳು ಆವಿಯಾಗಿ ಹೋದಾಗಲೇ. ಇದರ ಬೆಲೆ ದೊಡ್ಡದು: ಬಹುಪಾಲು ಪರಮಾಣುಗಳು ಕಳೆದುಹೋಗಿ, ಎಲ್ಲವೂ ಒಂದೇ ಸ್ಥಿತಿಗೆ ಬಂದು ಕೂಡುವ ‘ಸಾಂದ್ರೀಕೃತ ಸ್ಥಿತಿ’ಯನ್ನು ತಲುಪಿದವು ಸುಮಾರು 2,000.

ಇಷ್ಟು ತಣಿದದ್ದು ಕಲ್ಲಾಗಬೇಡವೇ? ರುಬಿಡಿಯಂ ಕರಗಲು 39 ಡಿಗ್ರಿ, ಜ್ವರದ ಮೈಬಿಸಿ ಸಾಕು; ಅದಕ್ಕಿಂತ ಕೆಳಗೆ ಅದು ಲೋಹದ ಗಟ್ಟಿ. ಆದರೂ ಇಲ್ಲಿ ಅನಿಲವಾಗಿಯೇ ಉಳಿಯುತ್ತದೆ, ಏಕೆಂದರೆ ಅದು ನಾವು ಉಸಿರಾಡುವ ಗಾಳಿಗಿಂತ ಸುಮಾರು ಲಕ್ಷ ಪಟ್ಟು ತೆಳು. ಗಟ್ಟಿಯಾಗುವ ಮೊದಲ ಹೆಜ್ಜೆಗೆ ಮೂರು ಪರಮಾಣುಗಳು ಒಂದೇ ಕಡೆ ಸೇರಬೇಕು. ಅಂಥ ಭೇಟಿ ಅಪರೂಪ. ಸಿಗುವುದು ಕೆಲವೇ ಸೆಕೆಂಡುಗಳು, ಪ್ರಯೋಗಕ್ಕೆ ಅಷ್ಟು ಸಾಲುತ್ತದೆ.

ಈ ಸಾಂದ್ರೀಕೃತ ಸ್ಥಿತಿಯನ್ನು ಸತ್ಯೇಂದ್ರನಾಥ ಬೋಸ್ ಕಂಡುಹಿಡಿದರು ಎಂದು ಹೆಮ್ಮೆಯಿಂದ ಬರೆಯುವವರಿದ್ದಾರೆ. 1924ರಲ್ಲಿ ಢಾಕಾದಿಂದ ಅವರು ಐನ್‌ಸ್ಟೈನ್‌ಗೆ ಕಳಿಸಿದ ಲೇಖನ ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯನ್ನು ಕುರಿತದ್ದು. ಅದನ್ನು ಪರಮಾಣುಗಳಿಗೆ ಹಚ್ಚಿ, ಅವು ಒಂದೇ ಸ್ಥಿತಿಗೆ ಬಂದು ಕೂಡುತ್ತವೆ ಎಂದು ಕಂಡವರು ಐನ್‌ಸ್ಟೈನ್. ಎಣಿಕೆಯ ಬಗೆ ಬೋಸ್ ಅವರದೇ. ಅದು ಚಿಕ್ಕ ಹೆಗ್ಗಳಿಕೆಯೇನಲ್ಲ.

ತೀರಾ ತಣಿದಾಗ ಎಲ್ಲ ಸ್ತಬ್ಧವಾಗುತ್ತದೆ ಎಂಬ ಮಾತೊಂದು ಉಳಿಯಿತು. ಅದೂ ಸರಿಯಲ್ಲ. ಪರಮಾಣು ಅಲೆಯಂತೆಯೂ ವರ್ತಿಸುತ್ತದೆ; ಅದು ನಿಧಾನವಾದಷ್ಟೂ ಆ ಅಲೆ ಉದ್ದವಾಗಿ, ಅಕ್ಕಪಕ್ಕದ ಅಲೆಗಳು ಒಂದರೊಳಗೊಂದು ಬೆರೆಯುತ್ತವೆ. 1997ರಲ್ಲಿ ಎಂಐಟಿಯ ವೋಲ್ಫ್‌ಗಾಂಗ್ ಕೆಟರ್ಲೆ ತಂಡ ಎರಡು ಸೋಡಿಯಂ ಮೋಡಗಳನ್ನು ಬಲೆಯಿಂದ ಬಿಟ್ಟು, ಅವು ಹರಡಿ ಒಂದರ ಮೇಲೊಂದು ಬರುವಾಗ ಚಿತ್ರ ತೆಗೆಯಿತು. ಚಿತ್ರದಲ್ಲಿ ಸುಮಾರು 15 ಮೈಕ್ರೊಮೀಟರ್ ಅಂತರದ ಪಟ್ಟೆಗಳು. ಒಂದು ಪಟ್ಟೆಯಲ್ಲಿ ಪರಮಾಣುಗಳ ದಟ್ಟಣೆ. ಪಕ್ಕದ ಪಟ್ಟೆಯಲ್ಲಿ, ಎರಡೂ ಮೋಡಗಳು ಸೇರಿದ ಜಾಗದಲ್ಲೇ, ಪರಮಾಣುಗಳ ಸುಳಿವು ತೀರಾ ಕಡಿಮೆ.