ತಂತ್ರಾಂಶದ ಆವೃತ್ತಿ ಬದಲಾದಾಗ ಡಾಟಾಬೇಸಿನ ರಕ್ಷಣೆ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಹಳೆಯ ಮತ್ತು ಹೊಸ ಕಂಪ್ಯೂಟರುಗಳು ಅಕ್ಕಪಕ್ಕದಲ್ಲಿರುವುದು ಸಾಮಾನ್ಯ. ಒಂದರಲ್ಲಿ ಸಿದ್ಧಪಡಿಸಿದ ವಿದ್ಯಾರ್ಥಿಗಳ ಪಟ್ಟಿ ಇನ್ನೊಂದರಲ್ಲಿ ತೆರೆಯದಿದ್ದರೆ ಕಡತ ಹಾಳಾಯಿತೆಂದು ತಿಳಿದು, ಅಧ್ಯಾಪಕರು ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಲು ತೊಡಗುವುದುಂಟು. ಹಾಗೆ ಮಾಡುವಾಗ ಮಗುವಿನ ಹೆಸರಿನ ಒಂದಕ್ಷರ ತಪ್ಪಿದರೂ ಆ ತಪ್ಪು ಪ್ರಮಾಣಪತ್ರದವರೆಗೆ ಮುಂದುವರಿಯಬಹುದು. ಆದುದರಿಂದ ಮೊದಲು ದೋಷ ಎಲ್ಲಿದೆ ಎಂಬುದನ್ನು ಗುರುತಿಸಬೇಕು.

ದೋಷದ ಮೂಲ

ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಗ್ನು/ಲಿನಕ್ಸ್ ವ್ಯವಸ್ಥೆಯು ಉಬುಂಟುವನ್ನು ಆಧರಿಸಿದೆ. ಉಬುಂಟು 14.04ರೊಡನೆ ಲಿಬ್ರೆ ಆಫೀಸಿನ 4.2ನೆಯ, 18.04ರೊಡನೆ 6.0ನೆಯ, 22.04ರೊಡನೆ 7.3ನೆಯ ಆವೃತ್ತಿ ಬಂದಿದೆ. ಇದರ ‘ಬೇಸ್’ ಭಾಗದಲ್ಲಿ ರಚಿಸಿದ ಓಡಿಬಿ ಕಡತವು ಒಂದು ಪೆಟ್ಟಿಗೆಯಿದ್ದಂತೆ. ಪಟ್ಟಿಗಳು, ಫಾರ್ಮುಗಳು, ವರದಿಗಳೆಲ್ಲ ಅದರೊಳಗಿರುತ್ತವೆ. ಪಟ್ಟಿಗಳನ್ನು ನಿರ್ವಹಿಸುವ ಎಂಜಿನ್ ಬಹುಕಾಲ ಎಚ್‌ಎಸ್‌ಕ್ಯುಎಲ್‌ಡಿಬಿ ಆಗಿತ್ತು. 2014ರಲ್ಲಿ ಬಂದ 4.2ನೆಯ ಆವೃತ್ತಿಯಲ್ಲಿ ಫೈರ್‌ಬರ್ಡ್ ಎಂಬ ಇನ್ನೊಂದು ಎಂಜಿನ್ ಪ್ರಾಯೋಗಿಕವಾಗಿ ಸೇರಿತು. ಕಡತದ ಹೆಸರಿನ ಕೊನೆ ಒಂದೇ ಆಗಿದ್ದರೂ ಒಳಗಿನ ಎಂಜಿನ್ ಬೇರೆಯಾಗಿರಬಹುದು. ಹೊಸ ಆವೃತ್ತಿಯಲ್ಲಿ ಫೈರ್‌ಬರ್ಡಿನಿಂದ ರಚಿಸಿದ ಕಡತವನ್ನು ಹಳೆಯ ಆವೃತ್ತಿ ಓದಲಾರದೆ ಹೋಗುವುದು ಇದರಿಂದಲೇ.

ಪರಿಶೀಲನೆಯ ಕ್ರಮ

1. ಯಾವ ಪ್ರಯತ್ನಕ್ಕೂ ಮೊದಲು ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ಇರಿಸಬೇಕು. ತೆರೆಯುವಾಗ ‘ಪರಿವರ್ತಿಸಲೇ?’ ಎಂಬ ಪ್ರಶ್ನೆ ಬಂದರೆ ಪ್ರತಿಯಲ್ಲಿ ಮಾತ್ರ ಒಪ್ಪಿಗೆ ನೀಡಬೇಕು.

2. ‘ಹೆಲ್ಪ್’ ಪಟ್ಟಿಯ ‘ಅಬೌಟ್’ನಲ್ಲಿ ಎರಡೂ ಕಂಪ್ಯೂಟರುಗಳ ಆವೃತ್ತಿಯನ್ನು ನೋಡಿ ಬರೆದುಕೊಳ್ಳಬೇಕು.

3. ಎಚ್‌ಎಸ್‌ಕ್ಯುಎಲ್‌ಡಿಬಿಗೆ ಜಾವಾ ಅಗತ್ಯ. ಜಾವಾ ಇಲ್ಲವೆಂಬ ಸೂಚನೆ ಬಂದರೆ ಕಡತದಲ್ಲಿ ದೋಷವಿಲ್ಲ. ಆ ಯಂತ್ರದಲ್ಲಿ ಜಾವಾ ಸ್ಥಾಪಿಸಿದರೆ ಸಾಕು.

4. ಆದರೂ ತೆರೆಯದಿದ್ದರೆ, ಕಡತ ತೆರೆಯುವ ಕಂಪ್ಯೂಟರಿನಲ್ಲಿ ಪಟ್ಟಿಯನ್ನು ನಕಲಿಸಿ ‘ಕ್ಯಾಲ್ಕ್’ ಹಾಳೆಯಲ್ಲಿ ಅಂಟಿಸಿ, ಸಿಎಸ್‌ವಿ ರೂಪದಲ್ಲಿ, ಯುಟಿಎಫ್-8 ಅಕ್ಷರ ಸಂಕೇತದಲ್ಲಿ ಉಳಿಸಬೇಕು. ಇದು ಸರಳ ಪಠ್ಯವಾದುದರಿಂದ ಎಲ್ಲ ಆವೃತ್ತಿಗಳೂ ಓದಬಲ್ಲವು. ಇನ್ನೊಂದು ಯಂತ್ರದಲ್ಲಿ ಅದನ್ನು ಕ್ಯಾಲ್ಕ್‌ನಲ್ಲಿ ತೆರೆಯುವಾಗ ಅದೇ ಸಂಕೇತವನ್ನು ಆರಿಸಿ, ಪ್ರವೇಶ ಸಂಖ್ಯೆಯ ಕಂಬವನ್ನು ‘ಪಠ್ಯ’ವೆಂದು ಗುರುತಿಸಬೇಕು; ಇಲ್ಲವಾದರೆ ಆರಂಭದ ಸೊನ್ನೆಗಳು ಅಳಿದುಹೋಗುತ್ತವೆ. ಅನಂತರ ಅಲ್ಲಿಂದ ನಕಲಿಸಿ ಬೇಸ್‌ನ ಪಟ್ಟಿಗಳ ವಿಭಾಗದಲ್ಲಿ ಅಂಟಿಸಬಹುದು. ಈ ವಿಧಾನದಲ್ಲಿ ಫಾರ್ಮು, ಪ್ರಶ್ನೆ, ವರದಿಗಳು ಬರುವುದಿಲ್ಲ; ಅವುಗಳನ್ನು ಹೊಸದಾಗಿ ರಚಿಸಬೇಕು.

ಕನ್ನಡ ಅಕ್ಷರಗಳ ವಿಷಯದಲ್ಲಿ ಎಚ್ಚರ

ಕಡತ ತೆರೆದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಹೆಸರುಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ. ಇದು ಆವೃತ್ತಿಯ ದೋಷವಲ್ಲ, ಸಂಕೇತದ ಭೇದ. ಯುನಿಕೋಡಿಗೆ ಪರಿವರ್ತಿಸುವುದೇ ಇದಕ್ಕೆ ಪರಿಹಾರ.

ಯುನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ‘ಯೋಗೀಶ’ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ದಾಖಲಿಸಬಹುದು. ‘ಸೂರ್ಯ’ವನ್ನು ಅರ್ಕಾವೊತ್ತಿನಿಂದಲೂ, ‘ಸೂರ‍್ಯ’ ಎಂದು ಯ-ಒತ್ತಿನಿಂದಲೂ ಬರೆಯಬಹುದು. ಓದುವವರಿಗೆ ಅವು ಒಂದೇ; ಡಾಟಾಬೇಸಿಗೆ ಬೇರೆ ಬೇರೆ. ಆಗ ಹೆಸರನ್ನು ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಅಥವಾ ಒಂದೇ ಮಗು ಎರಡು ಬಾರಿ ದಾಖಲಾಗುತ್ತದೆ. ಆದುದರಿಂದ ಹುಡುಕಾಟಕ್ಕೆ ಹೆಸರಿಗಿಂತ ಪ್ರವೇಶ ಸಂಖ್ಯೆಯನ್ನು ಅವಲಂಬಿಸುವುದು ಸುರಕ್ಷಿತ.

ಕೊನೆಯದಾಗಿ, ವರ್ಗಾವಣೆಯ ಮೊದಲು ಮತ್ತು ಅನಂತರ ಸಾಲುಗಳ ಸಂಖ್ಯೆ ಸಮವಾಗಿದೆಯೇ ಎಂದು ನೋಡಿ, ಒತ್ತಕ್ಷರಗಳಿರುವ ಹತ್ತು ಹೆಸರುಗಳನ್ನೂ ಜನ್ಮದಿನಾಂಕಗಳನ್ನೂ ಪ್ರವೇಶ ರಿಜಿಸ್ಟರಿನೊಡನೆ ಹೋಲಿಸಬೇಕು. ಹಳೆಯ ಕಡತವನ್ನು ಈ ಹೋಲಿಕೆ ಮುಗಿಯುವ ಮೊದಲು ಅಳಿಸಬಾರದು. ಕಾಲ್ಪನಿಕ ಹೆಸರುಗಳ ಪಟ್ಟಿಯೊಂದನ್ನು ಕೊಟ್ಟು ಇದೇ ಕ್ರಮವನ್ನು ತರಗತಿಯಲ್ಲಿ ಮಾಡಿಸಿದರೆ, ದತ್ತಾಂಶವೂ ಅದನ್ನು ಹೊತ್ತಿರುವ ತಂತ್ರಾಂಶವೂ ಬೇರೆ ಬೇರೆ ಎಂಬುದು ವಿದ್ಯಾರ್ಥಿಗಳಿಗೆ ಅನುಭವದಿಂದಲೇ ಮನದಟ್ಟಾಗುತ್ತದೆ.